ದೇವರಕೋಣೆಯ ಪುಸ್ತಕಗಳಿಗೆ ಬೂಸ್ಟು: ಪ್ರತಿಕ್ರಿಯೆ

ತೀರ್ಥಹಳ್ಳಿಯ ಮನೆಯ ದೇವರಕೋಣೆಯಲ್ಲಿ ಕೆಂಪು ವಸ್ತ್ರ ಸುತ್ತಿಟ್ಟು ಪೂಜಿಸುವ ಗಮಕದ (ರಾಗವಾಗಿ ಕಾವ್ಯ ಓದುವ ಕಲೆಯ) ಪುಸ್ತಕಗಳಿಗೂ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳಿಗೂ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಏನು ಮಾಡಬೇಕು ಎಂಬ ಪ್ರಶ್ನೆಗೆ ಇದು ಉತ್ತರ. ಕಾರಣ ಬಹುಶಃ ಹೊರಗೋಡೆಗೆ ಅಂಟಿಕೊಂಡಿರುವ ಕಪಾಟು. ಅಲ್ಲಿ ಗಾಳಿ ಆಡುವುದಿಲ್ಲ. ತೇವಾಂಶ ಶೇ. 65–70 ದಾಟಿ ಹಾಗೇ ನಿಂತರೆ ಬೂಸ್ಟಿಗೆ ಅಷ್ಟೇ ಸಾಕು.

ಮೊದಲು ಆ ಪುಸ್ತಕಗಳನ್ನು ಬೇರೆ ಇಡಿ. ಮೆತ್ತನೆಯ ಕುಂಚದಿಂದ ಒಂದು ಮೂಲೆ ಸವರಿ ನೋಡಿ. ಪುಡಿಯಾಗಿ ಉದುರಿದರೆ ಒಣಗಿದೆ. ಮೆತ್ತಿಕೊಂಡರೆ ಇನ್ನೂ ಹಸಿ. ಹಸಿಯಿದ್ದಾಗ ಒರೆಸಲೇಬೇಡಿ, ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಅಗಲಿಸಿ, ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಿಸಿ. ಬಿಸಿಲು ಬೇಡ, ಹಳೆಯ ಕಾಗದ ಹಳದಿಯಾಗಿ ಮುರಿಯುತ್ತದೆ. ಆಮೇಲೆ ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ, ಪುಸ್ತಕದ ಬೆನ್ನಿನ ಕಡೆಯಿಂದ ಹಾಳೆಯ ಅಂಚಿನ ಕಡೆಗೆ ಕುಂಚ ಆಡಿಸಿ. ಒದ್ದೆ ಬಟ್ಟೆ ಮುಟ್ಟಿಸಿದರೆ ಲೆಕ್ಕದ ಪುಸ್ತಕದ ಶಾಯಿ ಹರಡಿ ಅಂಕಿಯೇ ಹೋದೀತು.

ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿ. ಬಣ್ಣ ಬಿಡುವ ಕೆಂಪು ವಸ್ತ್ರದ ಬದಲು ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಸರಸ್ವತಿ ಪೂಜೆ ನಿಲ್ಲಿಸಬೇಕಿಲ್ಲ. ಅರಿಶಿನ, ಕುಂಕುಮ, ಅಕ್ಷತೆಯನ್ನು ಮೇಲೆ ಹೊದಿಸಿದ ವಸ್ತ್ರಕ್ಕೆ ಏರಿಸಿ, ಸಂಜೆಯೇ ಹೂವಿನ ಸಮೇತ ತೆಗೆದುಬಿಡಿ.