ಓದುಗರ ಪ್ರಶ್ನೆ: ಬೆಂಗಾವಲು ಹಡಗಿನವರ ನೆನಪುಗಳು

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಸರಕು ಹಡಗುಗಳಿಗೆ ಬೆಂಗಾವಲಾಗಿ ಅಟ್ಲಾಂಟಿಕ್ ದಾಟಿದ ಬ್ರಿಟಿಷ್ ಅಧಿಕಾರಿಗಳ ನೆನಪಿನ ಪುಸ್ತಕ ಓದುತ್ತಿದ್ದೇನೆ. ಯುದ್ಧಕ್ಕಿಂತ ಚಳಿ, ನಿದ್ದೆ, ಕೋಕೋ ವಿಷಯವೇ ಜಾಸ್ತಿ. ಇದನ್ನೆಲ್ಲ ಇತಿಹಾಸ ಅಂತ ನಂಬಬಹುದೇ?
(ಓದುಗರು, ಕಾರವಾರ)

ಉತ್ತರ: ಚಳಿ ಮತ್ತು ಕೋಕೋ ವಿಷಯದಲ್ಲಿ ಕಣ್ಣು ಮುಚ್ಚಿ ನಂಬಿ. ಅವರ ದಿನವೆಲ್ಲ ಕಳೆದದ್ದೇ ಅದರಲ್ಲಿ. ಒಟ್ಟಾಗಿ ಸಾಗುವ ಸರಕು ಹಡಗುಗಳ ಗುಂಪಿಗೆ ಕಾನ್ವಾಯ್ ಅಂತಾರೆ. ನಿಧಾನದ ಕಾನ್ವಾಯ್ ಏಳು ನಾಟ್ (ಗಂಟೆಗೆ ಸುಮಾರು 13 ಕಿ.ಮೀ.) ವೇಗದಲ್ಲಿ ಹೋದರೆ ಹೆಚ್ಚು. ಅಂದರೆ ನಮ್ಮೂರ ಹಾಲಿನವನ ಸೈಕಲ್ ವೇಗ. ಆ ವೇಗದಲ್ಲಿ ಎರಡು ಮೂರು ವಾರ ಸಮುದ್ರದ ಮೇಲೆ. ಕಾವಲಿಗೆ ಬಂದ ಫ್ಲವರ್ ವರ್ಗದ ಕಾರ್ವೆಟ್ ಎಂಬ ಸಣ್ಣ ಯುದ್ಧನೌಕೆಗಳೋ, ತಿಮಿಂಗಿಲ ಬೇಟೆಯ ಹಡಗಿನ ನಕ್ಷೆಯನ್ನೇ ತಿದ್ದಿ ಕಟ್ಟಿದವು. ವೇಗ 16 ನಾಟ್. ನೀರಿನ ಮೇಲೆ ಬಂದ ಯು-ಬೋಟ್, ಅಂದರೆ ಜರ್ಮನ್ ಜಲಾಂತರ್ಗಾಮಿ, ಅದಕ್ಕಿಂತ ಚುರುಕು! ಬೆನ್ನಟ್ಟಿದರೂ ಸಿಗುವುದಿಲ್ಲ.

ಮೊದಮೊದಲ ಕಾರ್ವೆಟ್‌ಗಳಲ್ಲಿ ಅಡುಗೆಮನೆ ಹಿಂಭಾಗದಲ್ಲಿ, ನಾವಿಕರು ಉಣ್ಣುವ ಜಾಗ ಮುಂಭಾಗದಲ್ಲಿ. ನಡುವೆ ತೆರೆದ ಡೆಕ್. ಊಟದ ಪಾತ್ರೆ ಹಿಡಿದುಕೊಂಡು ಅದನ್ನು ದಾಟಬೇಕು. ಒಂದು ಅಲೆ ಬಡಿದರೆ ಮುಗೀತು, ಬಿಸಿಯೂ ಇಲ್ಲ, ಕೆಲವು ಸಲ ಊಟವೂ ಇಲ್ಲ. ರಾತ್ರಿ ಪಹರೆಯವರಿಗೆ ಕೋಕೋ ಗಟ್ಟಿಯನ್ನು ಚಾಕುವಿನಿಂದ ಹೆರೆದು, ಕುದಿನೀರಿಗೆ ಹಾಕಿ, ದಪ್ಪಗೆ ಕಲಕಿ ಮಗ್‌ನಲ್ಲಿ ಕೊಡುತ್ತಿದ್ದರು. ಇದನ್ನು ಪುಟಗಟ್ಟಲೆ ಬರೆಯದೆ ಇನ್ನೇನು ಬರೆದಾರು ಹೇಳಿ.

ನಂಬುವ ಮುಂಚೆ ಯೋಚಿಸಬೇಕಾದ್ದು ಬೇರೆ ಜಾಗದಲ್ಲಿದೆ. ‘ನಾವು ಗೆದ್ದದ್ದು ಹೇಗೆ’ ಅನ್ನುವ ಅಧ್ಯಾಯ ಬರುತ್ತದಲ್ಲ, ಅಲ್ಲಿ. ಡೊನಾಲ್ಡ್ ಮ್ಯಾಕಿಂಟೈರ್ ಬರೆದದ್ದು 1956ರಲ್ಲಿ, ಪೀಟರ್ ಗ್ರೆಟನ್ 1964ರಲ್ಲಿ. ಇಬ್ಬರೂ ಬೆಂಗಾವಲು ಹಡಗಿನ ಕಮಾಂಡರ್‌ಗಳು. ಜರ್ಮನ್ನರ ಎನಿಗ್ಮಾ ಸಂಕೇತವನ್ನು ಬ್ರಿಟಿಷರು ಒಡೆದಿದ್ದ ಗುಟ್ಟು ಬ್ರಿಟನ್‌ನಲ್ಲಿ ಬಯಲಾದದ್ದು 1974ರಲ್ಲಿ. ಹಾಗಾಗಿ ಇವರ ಪುಸ್ತಕಗಳಲ್ಲಿ ಗೆಲುವಿನ ಶ್ರೇಯಸ್ಸೆಲ್ಲ ರಾಡಾರ್‌ಗೆ, ಯು-ಬೋಟಿನ ರೇಡಿಯೊ ಮಾತು ಬರುವ ದಿಕ್ಕನ್ನು ಹಿಡಿಯುವ ಯಂತ್ರಕ್ಕೆ, ಒಳ್ಳೆಯ ತರಬೇತಿಗೆ. ಅವೂ ಸುಳ್ಳಲ್ಲ. ಆದರೆ ಆ ಸಂಕೇತ ಓದಿ, ಎಷ್ಟೋ ಕಾನ್ವಾಯ್‌ಗಳ ದಾರಿಯನ್ನು ಲಂಡನ್ನಿನಲ್ಲಿ ಕೂತವರು ಮೊದಲೇ ಯು-ಬೋಟ್‌ಗಳಿಂದ ದೂರಕ್ಕೆ ಬದಲಿಸಿಬಿಟ್ಟಿದ್ದರು. ಏನೂ ನಡೆಯದ ಆ ಪ್ರಯಾಣಗಳ ಬಗ್ಗೆ ಯಾರು ಪುಸ್ತಕ ಬರೆಯುತ್ತಾರೆ? ಹಡಗು ನಡೆಸುವ ಕಟ್ಟೆ, ಅಂದರೆ ಬ್ರಿಜ್ ಮೇಲೆ ನಿಂತವನು ಕಂಡದ್ದನ್ನು ನಾನು ನಂಬುತ್ತೇನೆ. ಅದರ ಕಾರಣ ಹೇಳಲು ಹೊರಟರೆ ಮಾತ್ರ ಇನ್ನೊಂದು ಪುಸ್ತಕ ತೆಗೆದು ತಾಳೆ ನೋಡುತ್ತೇನೆ.

ಅಂದಹಾಗೆ, ಯುದ್ಧಕಾಲದಲ್ಲಿ ಖಾಸಗಿ ದಿನಚರಿ ಇಡಬಾರದು ಅಂತ ನೌಕಾಪಡೆಯ ನಿಯಮವಿತ್ತು. ಎಷ್ಟೋ ಜನ ಗುಟ್ಟಾಗಿ ಇಟ್ಟರು, ಬಿಡಿ. ನಿಯಮ ಇರುವುದೇ ಅದಕ್ಕಲ್ವಾ?

ಈ ಸಾಲಿನಲ್ಲಿ ನನಗೆ ಹೆಚ್ಚು ಹಿಡಿಸಿದವರು ಗ್ರೆಟನ್. 1943ರ ಏಪ್ರಿಲ್-ಮೇನಲ್ಲಿ ಒಎನ್‌ಎಸ್ 5 ಎಂಬ ಕಾನ್ವಾಯ್‌ನ ಕಾವಲು ಅವರದು. ಬಿರುಗಾಳಿ ಬಿಡಲೇ ಇಲ್ಲ. ಅಂಥ ಸಮುದ್ರದಲ್ಲಿ ಟ್ಯಾಂಕರ್‌ನಿಂದ ಎಣ್ಣೆ ತುಂಬಿಸಿಕೊಳ್ಳಲು ಆಗಲಿಲ್ಲ. ಅವರ ಡಿಸ್ಟ್ರಾಯರ್ ಡಂಕನ್‌ನಲ್ಲಿ ಎಣ್ಣೆ ತಳ ಕಂಡಿತು. ವಿಧಿಯಿಲ್ಲದೆ ಕಾನ್ವಾಯ್ ಬಿಟ್ಟು ನ್ಯೂಫೌಂಡ್‌ಲ್ಯಾಂಡ್ ಕಡೆ ತಿರುಗಿಸಿದರು. ಕಾವಲಿನ ಹೊಣೆ ಟೇ ಎಂಬ ಫ್ರಿಗೇಟ್‌ನಲ್ಲಿದ್ದ ಶೆರ್ವುಡ್ ಹೆಗಲಿಗೆ. ನಿಜವಾದ ಕಾಳಗ ಶುರುವಾದದ್ದು ಆಮೇಲೆ! ಆ ಪ್ರಯಾಣದಲ್ಲಿ ಒಟ್ಟಾರೆ 13 ಸರಕು ಹಡಗು ಮುಳುಗಿದವು, ಆರು ಯು-ಬೋಟ್‌ಗಳೂ ಹೋದವು. ಅದೇ ಮೇ 24ಕ್ಕೆ ಜರ್ಮನ್ ಅಡ್ಮಿರಲ್ ಡೋನಿಟ್ಸ್ ತನ್ನ ದೋಣಿಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದೆಗೆದರು. ಜೀವಮಾನವಿಡೀ ಕಾದಿದ್ದ ಗಳಿಗೆಯಲ್ಲಿ ತಾನು ಅಲ್ಲಿರಲಿಲ್ಲ ಅನ್ನುವ ಸಂಕಟವನ್ನು ಗ್ರೆಟನ್ ಮುಚ್ಚಿಡುವುದಿಲ್ಲ. ಎಣ್ಣೆ ಇಲ್ಲದೆ ಹಡಗು ಓಡುವುದಿಲ್ಲ, ತಪ್ಪು ಅವರದಲ್ಲ. ಆದರೂ ಮನಸ್ಸು ಒಪ್ಪಬೇಕಲ್ಲ. ಸುಮ್ನೆ ಜಂಬ ಕೊಚ್ಚುವ ಹತ್ತು ಪುಸ್ತಕಕ್ಕಿಂತ ಈ ಕೆಲವು ಪುಟ ವಾಸಿ.

ಪ್ರಶ್ನೆ: ಸೆರೆಸಿಕ್ಕ ಯು-ಬೋಟ್ ಕ್ಯಾಪ್ಟನ್ ಜೊತೆ ಬ್ರಿಟಿಷರು ಇಸ್ಪೀಟ್ ಆಡಿದರಂತೆ, ನಿಜವಾ?
(ಓದುಗರು, ಶಿವಮೊಗ್ಗ)

ಉತ್ತರ: ಮ್ಯಾಕಿಂಟೈರ್ ಹಾಗೇ ಬರೆದಿದ್ದಾರೆ. 1941ರ ಮಾರ್ಚ್ 17. ಅವರ ಹಡಗು ವಾಕರ್, ಯು-99ನ್ನು ಮುಳುಗಿಸಿ ಅದರ ಹೆಸರಾಂತ ಕ್ಯಾಪ್ಟನ್ ಒಟ್ಟೊ ಕ್ರೆಚ್‌ಮರ್‌ನನ್ನು ಜೀವಂತ ಹಿಡಿಯಿತು. ಹಡಗಿನ ಎಂಜಿನಿಯರ್‌ಗೆ ಬ್ರಿಜ್ ಎಂಬ ಇಸ್ಪೀಟ್ ಆಟದ ಹುಚ್ಚು. ಲಿವರ್‌ಪೂಲ್ ತಲುಪುವಷ್ಟರಲ್ಲಿ ಕ್ರೆಚ್‌ಮರ್‌ನನ್ನೂ, ಮುಳುಗಿದ ಸರಕು ಹಡಗಿನವರನ್ನೂ ಕೂರಿಸಿಕೊಂಡು ಆಡೇಬಿಟ್ಟ. ಕ್ರೆಚ್‌ಮರ್‌ನ ದುರ್ಬೀನನ್ನು ಮ್ಯಾಕಿಂಟೈರ್ ಇಟ್ಟುಕೊಂಡು, ಯುದ್ಧ ಮುಗಿದು ವರ್ಷಗಳಾದ ಮೇಲೆ ವಾಪಸ್ ಕೊಟ್ಟರು.

ಎರಡೂ ಹಡಗಿಗೆ ಕುದುರೆ ಲಾಳವೇ ಲಾಂಛನ. ವಾಕರ್‌ನದು ಬಾಯಿ ಮೇಲೆ, ಯು-99ದು ಬಾಯಿ ಕೆಳಗೆ. ಕ್ರೆಚ್‌ಮರ್ ಇದನ್ನು ಗಮನಿಸಿ ಹೇಳಿದಾಗ, ‘ನಮ್ಮ ಕಡೆ ಹಾಗೆ ತಲೆಕೆಳಗಿಟ್ಟರೆ ಅದೃಷ್ಟ ಸುರಿದುಹೋಗುತ್ತದೆ ಅಂತಾರೆ’ ಅನ್ನುವ ಅರ್ಥದ ಉತ್ತರ ವಾಕರ್‌ನವರಿಂದ ಬಂತು ಅಂತ ಮ್ಯಾಕಿಂಟೈರ್ ಬರೆದಿದ್ದಾರೆ. ಇಂಥ ಹಾಜರ್ ಜವಾಬು ಆ ಕ್ಷಣದಲ್ಲೇ ಹೊಳೆಯಿತೋ, ಬರೆಯುವಾಗ ಹೊಳಪು ಕೊಟ್ಟರೋ? ನಾನಂತೂ ಸಂಶಯದ ಲಾಭ ಕೊಟ್ಟಿದ್ದೇನೆ.

ಪ್ರಶ್ನೆ: ಬೆಂಗಾವಲು ಕೆಲಸದಲ್ಲಿ ನಮ್ಮ ಭಾರತದ ಹಡಗುಗಳು ಇರಲಿಲ್ಲವೇ? ಕಾವೇರಿ ಹೆಸರಿನದೂ ಇತ್ತು ಅಂತ ಕೇಳಿದ್ದೇನೆ.
(ಓದುಗರು, ಮಂಡ್ಯ)

ಉತ್ತರ: ಇತ್ತು. ರಾಯಲ್ ಇಂಡಿಯನ್ ನೇವಿಯ ಸ್ಲೂಪ್ (ಬೆಂಗಾವಲಿನ ಯುದ್ಧನೌಕೆ) ಕಾವೇರಿ 1943ರಲ್ಲಿ ಸೇವೆಗೆ ಬಂತು. ಸ್ವಾತಂತ್ರ್ಯದ ಬಳಿಕವೂ ನಮ್ಮ ನೌಕಾಪಡೆಯಲ್ಲಿ ಉಳಿಯಿತು. ಕೃಷ್ಣಾ, ಗೋದಾವರಿ, ನರ್ಮದಾ, ಜಮುನಾ ಕೂಡ ಇದ್ದವು. 1944ರ ಆಗಸ್ಟ್‌ನಲ್ಲಿ ಸೇಶೆಲ್ಸ್ ಹತ್ತಿರ ಯು-198ನ್ನು ಮುಳುಗಿಸಿದ್ದರಲ್ಲಿ ಗೋದಾವರಿಯ ಪಾಲಿದೆ.

ಆದರೆ ಕಥೆ ಅಂದರೆ ಬೆಂಗಾಲ್‌ನದು. 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದಲ್ಲಿ ಈ ಪುಟ್ಟ ಹಡಗು ಒಂಡಿನಾ ಎಂಬ ಡಚ್ ಟ್ಯಾಂಕರ್‌ಗೆ ಕಾವಲಿತ್ತು. ಎದುರಾದದ್ದು ಎರಡು ದೊಡ್ಡ ಜಪಾನಿ ದಾಳಿ ಹಡಗು. ಬೆಂಗಾಲ್ ಬಳಿ ಇದ್ದದ್ದು ಹೇಳಿಕೊಳ್ಳುವಂಥ ಒಂದೇ ತುಪಾಕಿ, ಅದೂ ಚಿಕ್ಕದು. ಆದರೂ ನೇರ ನುಗ್ಗಿತು. ಜಪಾನಿನ ಎರಡರಲ್ಲಿ ಒಂದಾದ ಹೊಕೊಕು ಮಾರು ಸ್ಫೋಟಗೊಂಡು ಮುಳುಗಿತು. ಒಂಡಿನಾ ಕಥೆ ಮುಗಿಯಿತು ಅಂದುಕೊಂಡು ಬೆಂಗಾಲ್ ಹೊರಟು ಡಿಯೆಗೊ ಗಾರ್ಸಿಯಾ ಸೇರಿತು. ಅತ್ತ ಒಂಡಿನಾ ಕ್ಯಾಪ್ಟನ್‌ನನ್ನು ಕಳೆದುಕೊಂಡರೂ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಮುಟ್ಟಿತು!

ಗುಂಡು ಯಾರದು? ಬೆಂಗಾಲ್‌ನವರು ತಮ್ಮದು ಅಂದರು, ಡಚ್ಚರು ತಮ್ಮದು ಅಂದರು. ಒಂದೇ ಸ್ಫೋಟವನ್ನು ಕಂಡ ಎರಡು ಹಡಗಿನವರಲ್ಲೂ ಒಮ್ಮತವಿಲ್ಲ. ಕಾರವಾರದವರು ಇದನ್ನೂ ಓದಿಕೊಳ್ಳಲಿ.

ಇನ್ನೊಂದು ಮಾತು. ಆ ಕಾನ್ವಾಯ್‌ಗಳ ಬ್ರಿಟಿಷ್ ಸರಕು ಹಡಗುಗಳಲ್ಲಿ ಎಂಜಿನ್ ಕೋಣೆಗೆ ಕಲ್ಲಿದ್ದಲು ಹಾಕುತ್ತಿದ್ದವರಲ್ಲಿ, ಡೆಕ್ ಕೆಲಸದಲ್ಲಿ ಅವಿಭಜಿತ ಭಾರತದ ನಾವಿಕರು, ಅಂದರೆ ಲಾಸ್ಕರ್‌ಗಳು ಸಾವಿರಗಟ್ಟಲೆ ಇದ್ದರು. ಇಡೀ ಯುದ್ಧದಲ್ಲಿ ಸತ್ತವರೇ 6,000ಕ್ಕೂ ಹೆಚ್ಚು. ಬೆಂಗಾವಲು ಅಧಿಕಾರಿಗಳ ಪುಸ್ತಕದಲ್ಲಿ ಅವರು ಎಲ್ಲೋ ಒಂದೆರಡು ಸಾಲಿಗೆ ಬಂದು ಹೋಗುತ್ತಾರೆ, ಅದೂ ಹೆಸರಿಲ್ಲದೆ. ಮಂಡ್ಯದ ಮಿತ್ರರೇ, ನಿಮ್ಮ ಕಡೆ ಯಾರ ಮನೆಯಲ್ಲಾದರೂ ಹಳೆಯ ನಾವಿಕರ ಪಾಸ್‌ಬುಕ್, ಕಾಗದಪತ್ರ ಇದ್ದರೆ ರದ್ದಿಗೆ ಹಾಕಬೇಡಿ ಅಂತ ಹೇಳಿ.