ರಸ್ತೆ ಚೆನ್ನಾಯಿತು, ಬಾಡಿಗೆ ಏರಿತು: ಓದುಗರ ಪ್ರಶ್ನೆ, ನಮ್ಮ ಉತ್ತರ

ತುಮಕೂರಿನ ಹಳೇ ಪೇಟೆಗಳು ಬದಲಾಗುತ್ತಿರುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಪತ್ರ ರಾಶಿ ಬಂದಿವೆ, ಅರ್ಧಕ್ಕರ್ಧ ಬಾಡಿಗೆ ಜಗಳವೇ. ಹಲವರಿಗೆ ಒಟ್ಟಿಗೆ ಉಪಯೋಗ ಆಗುವಂಥವನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾವಿರೋದು ಚಿಕ್ಕಪೇಟೆ ಕಡೆ ಒಂದು ವಠಾರದಲ್ಲಿ. ಎಂಟು ಮನೆ. ಯಜಮಾನರದ್ದು ಗಾರೆ ಕೆಲಸ, ನಾನು ಬೀಡಿ ಕಟ್ಟುತ್ತೇನೆ. ಮುಂದಿನ ರಸ್ತೆಗೆ ಹೊಸ ಫುಟ್‌ಪಾತು, ದೀಪ ಎಲ್ಲ ಆದಮೇಲೆ ಓನರ್ ಬಾಡಿಗೆಯನ್ನು ನಾಲ್ಕೂವರೆ ಸಾವಿರದಿಂದ ಏಳು ಸಾವಿರ ಮಾಡಿದ್ದಾರೆ. ಕೊಡೋಕಾಗಲ್ಲ ಅಂದ್ರೆ ಖಾಲಿ ಮಾಡಿ, ಕೆಡವಿ ಪಿಜಿ ಕಟ್ಟುತ್ತೇವೆ ಅಂತಾರೆ. ಇದಕ್ಕೆ ಕಾನೂನು ಅಂತ ಏನೂ ಇಲ್ವಾ?

ಉತ್ತರ: ಇದೆ ಅಮ್ಮ, ಆದರೆ ನಿಮ್ಮ ಕೈಗೆ ಎಟುಕುವಷ್ಟಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ ಅಂತ 1999ರದ್ದೊಂದಿದೆ. ಅದು ಕಾಪಾಡೋದು ತಿಂಗಳಿಗೆ 3,500 ರೂಪಾಯಿವರೆಗಿನ ಮನೆಗಳನ್ನು, ಅದೂ ಪಟ್ಟಿಯಲ್ಲಿರುವ ದೊಡ್ಡ ಊರುಗಳಲ್ಲಿ. ಮಿಕ್ಕ ಕಡೆ 2,000. ಈಗ ಆ ಬಾಡಿಗೆಗೆ ತುಮಕೂರಲ್ಲಿ ಮನೆ ತೋರಿಸಿ ನೋಡೋಣ! ಕಾಯ್ದೆ ಪುಸ್ತಕದಲ್ಲಿದೆ, ಬಾಡಿಗೆದಾರರು ಅದರ ಹೊರಗಿದ್ದಾರೆ.

ಹಾಗಂತ ಓನರ್ ಬಾಯಲ್ಲಿ ಹೇಳಿದ ಕೂಡಲೇ ಪಾತ್ರೆ ಪಗಡೆ ಕಟ್ಟಬೇಕಿಲ್ಲ. ತಿಂಗಳ ಬಾಡಿಗೆ ಮನೆಗೆ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ಅದೂ ಬರವಣಿಗೆಯಲ್ಲಿ. ನೋಟಿಸ್ ಕೊಟ್ಟಮೇಲೂ ನೀವು ಹೋಗದಿದ್ದರೆ ಅವರು ಕೋರ್ಟಿಗೆ ಹೋಗಬೇಕೇ ಹೊರತು ಬೀಗ ಒಡೆದು ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಹಾಗೆ ಮಾಡಿದರೆ ಆರು ತಿಂಗಳೊಳಗೆ ನೀವೇ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತದೆ. ಬಾಡಿಗೆ ಕೈಗೆ ಕೊಡೋದನ್ನು ಇವತ್ತೇ ನಿಲ್ಲಿಸಿ, ಫೋನ್‌ಪೇಯಲ್ಲೋ ಬ್ಯಾಂಕಲ್ಲೋ ಹಾಕಿ. ನೀವು ಬಾಡಿಗೆದಾರರು ಅನ್ನೋದಕ್ಕೆ ಕಾಗದವೇ ಇಲ್ಲದಿದ್ದರೆ ಯಾವ ವಕೀಲರೂ ಏನೂ ಮಾಡೋಕಾಗಲ್ಲ.

ಆದರೆ ಕೋರ್ಟಿಗಿಂತ ಮುಂಚೆ ಒಂದು ದಾರಿ ಇದೆ. ಎಂಟು ಮನೆಯವರು ಒಟ್ಟಿಗೆ ಹೋಗಿ. ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರಿಗೂ ಒಂದೊಂದು ರೇಟು ಹೇಳಿ ಕಳಿಸುತ್ತಾರೆ, ಸಂಜೆ ನಲ್ಲಿ ಹತ್ತಿರ ಸೇರಿದಾಗ ನಿಮ್ಮನಿಮ್ಮಲ್ಲೇ ಅನುಮಾನ ಶುರುವಾಗುತ್ತದೆ, ಅಷ್ಟೊತ್ತಿಗೆ ಇಬ್ಬರು ಜಾಸ್ತಿ ಬಾಡಿಗೆಗೆ ಒಪ್ಪಿಕೊಂಡು ಬಂದಿರುತ್ತಾರೆ. ಓನರ್‌ಗೂ ಲೆಕ್ಕ ಇದೆ. ಎಂಟು ಮನೆ ಒಮ್ಮೆಗೇ ಖಾಲಿ ಆದರೆ ಎಂಟು ಅಡ್ವಾನ್ಸ್ ಒಮ್ಮೆಗೇ ವಾಪಸ್ ಕೊಡಬೇಕು, ಮತ್ತೆ ಸುಣ್ಣಬಣ್ಣ, ಬ್ರೋಕರ್‌ಗೆ ಕಮಿಷನ್. ಪಿಜಿ ಕಟ್ಟೋದು ಸಾಲದ ಮಾತು, ಎಲ್ಲರಿಗೂ ಆಗಲ್ಲ. ವರ್ಷಕ್ಕೆ ಇಷ್ಟೇ ಏರಿಕೆ, ಮೂರು ವರ್ಷ ಎಬ್ಬಿಸಬಾರದು ಅಂತ ಬರೆಸಿಕೊಳ್ಳಿ. ವರ್ಷಕ್ಕಿಂತ ಹೆಚ್ಚಿನ ಕರಾರಾದರೆ ನೋಂದಣಿ ಆಗಲೇಬೇಕು. 11 ತಿಂಗಳ ಅಗ್ರಿಮೆಂಟಿಗೆ ಎಲ್ಲರೂ ಯಾಕೆ ಅಂಟಿಕೊಳ್ಳುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಪ್ರಶ್ನೆ: ನಾನು ನಮ್ಮ ಬಡಾವಣೆಯ ನಾಗರಿಕರ ಸಂಘದ ಪದಾಧಿಕಾರಿ. ನಿಮ್ಮ ಪತ್ರಿಕೆ ಅಭಿವೃದ್ಧಿಯನ್ನೇ ತಪ್ಪು ಅನ್ನೋ ಹಾಗೆ ಬರೆಯುತ್ತದೆ. ಒಳಚರಂಡಿ, ಪಾರ್ಕು, ರಸ್ತೆ ನಾವೇ ಓಡಾಡಿ ತಂದದ್ದು. ಸೈಟಿಗೆ ರೇಟು ಬಂದರೆ ಯಾರಿಗೆ ನಷ್ಟ? ಬಾಡಿಗೆಯವರನ್ನೂ ಸಂಘಕ್ಕೆ ಸೇರಿಸಿ ಅಂತೀರಿ, ಅವರು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ.

ಉತ್ತರ: ನೀವು ಓಡಾಡಿದ್ದಕ್ಕೆ ನಿಜಕ್ಕೂ ಥ್ಯಾಂಕ್ಸ್, ಒಳಚರಂಡಿ ಬೇಡ ಅನ್ನುವವರು ಯಾರೂ ಇಲ್ಲ. ಆದರೆ ರೇಟು ಬಂದದ್ದರಿಂದ ಯಾರಿಗೂ ನಷ್ಟ ಇಲ್ಲ ಅನ್ನೋದು ಮಾರುವವರ ಲೆಕ್ಕ. ಮಾರದೆ ಅಲ್ಲೇ ಬದುಕುವವರಿಗೆ ಆ ರೇಟಿಂದ ಏನು ಬಂತು? 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಮಾರ್ಗಸೂಚಿ ದರ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ, ಪರಿಷ್ಕರಣೆ ಆಯಿತಲ್ಲ, ನಮ್ಮಂಥ ಊರುಗಳಲ್ಲಿ ಆಸ್ತಿ ತೆರಿಗೆ ಲೆಕ್ಕ ಹಾಕೋದು ಅದೇ ದರದ ಮೇಲೆ. ಪಿಂಚಣಿಯಲ್ಲಿ ಬದುಕುವ ಹಿರಿಯರು ಅದೇ ಮನೆ, ಅದೇ ಹೆಂಚಿನ ಕೆಳಗೆ ಕೂತು ಜಾಸ್ತಿ ಕಂದಾಯ ಕಟ್ಟುತ್ತಾರೆ. ಅವರ ಎರಡನೇ ಮಗ ಬೇರೆ ಮನೆ ಮಾಡಬೇಕು ಅಂದರೆ ಅದೇ ಬೀದಿಯಲ್ಲಿ ಆಗೋದಿಲ್ಲ, ಊರಾಚೆ ಲೇಔಟ್‌ಗೆ ಹೋಗಬೇಕು.

ಇನ್ನು ಬಾಡಿಗೆಯವರ ಮಾತು. ನಿಮ್ಮ ವಾರ್ಡಿನ ಮತದಾರರ ಪಟ್ಟಿ ಒಂದು ಕಡೆ ಇಟ್ಟುಕೊಳ್ಳಿ, ಸಂಘದ ಸದಸ್ಯರ ಪಟ್ಟಿ ಇನ್ನೊಂದು ಕಡೆ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದವರು ಯಾರು ಅಂತ ನೋಡಿ. ಇಸ್ತ್ರಿ ಅಂಗಡಿಯವರು, ಆಟೋದವರು, ವಸಂತನರಸಾಪುರದ ಫ್ಯಾಕ್ಟರಿಗೆ ಬಸ್ಸಲ್ಲಿ ಹೋಗಿ ಬರುವ ಹುಡುಗರು, ಮನೆಗೆಲಸದವರು. ಓಟಿಗೆ ಬಡಾವಣೆಯವರು, ಮೀಟಿಂಗಿಗೆ ಮಾತ್ರ ಹೊರಗಿನವರು, ಇದ್ಯಾವ ನ್ಯಾಯ? ಅವರು ನಾಳೆ ಇನ್ನೆಲ್ಲೋ ಇರುತ್ತಾರೆ ಅಂತೀರಿ. ಹೋಗುವ ಹಾಗೆ ಮಾಡುತ್ತಿರೋದು ಏರುವ ಬಾಡಿಗೆ, ಅವರ ಹುಚ್ಚಲ್ಲ.

ಮಾಲೀಕರು ಮಾತ್ರ ಇರುವ ಸಂಘ ಏನು ಮಾಡುತ್ತದೆ ಅಂತ ಹಲವು ಊರುಗಳಲ್ಲಿ ನೋಡಿಯಾಗಿದೆ. ಮೊದಲ ಅರ್ಜಿ ರಸ್ತೆಗೆ, ಎರಡನೆಯದು ಪಾರ್ಕಿಗೆ, ಮೂರನೆಯದು ಮೂಲೆಯಲ್ಲಿ ಸೊಪ್ಪು ಮಾರುವವಳನ್ನು ಎತ್ತಿಸಿ ಅಂತ. ಹೊರಗಿನ ಬಿಲ್ಡರ್ ಬಂದು ಜನರನ್ನು ಎಬ್ಬಿಸುತ್ತಾನೆ ಅಂತ ಹೆದರುತ್ತೇವೆ, ಎಷ್ಟೋ ಸಲ ಆ ಕೆಲಸವನ್ನು ಸಂಘದ ಲೆಟರ್‌ಹೆಡ್ಡೇ ಮಾಡಿ ಮುಗಿಸಿರುತ್ತದೆ. ಬೇಜಾರಾಗಬೇಡಿ, ನಿಮ್ಮ ಸಂಘ ಹಾಗೆ ಅಂತ ಹೇಳುತ್ತಿಲ್ಲ.

ಬೈಲಾ ತಿದ್ದೋದು ದೊಡ್ಡ ಕೆಲಸ ಅಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು, ಏಳು ಜನ ಇದ್ದರೆ ಸಂಘ ಆಗುತ್ತದೆ, ಸದಸ್ಯನಾಗೋಕೆ ಹೆಸರಲ್ಲಿ ಆಸ್ತಿಯ ಖಾತೆ ಇರಲೇಬೇಕು ಅಂತ ಅದರಲ್ಲಿಲ್ಲ. ಆ ಷರತ್ತು ಹಾಕಿಕೊಂಡವರು ನೀವೇ. 'ಬಡಾವಣೆಯಲ್ಲಿ ವಾಸ ಅಥವಾ ದುಡಿಮೆ' ಅಂತ ಬದಲಾಯಿಸಿ. ಮೀಟಿಂಗನ್ನು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ, ಅದು ವ್ಯಾಪಾರದ ಹೊತ್ತು. ರಾತ್ರಿ ಎಂಟೂವರೆಗೆ ಇಟ್ಟು ನೋಡಿ.

ಪ್ರಶ್ನೆ: ಅಕ್ಕ, ನಮ್ಮಮ್ಮ ಕಾಲದಿಂದ ಒಂದೇ ಜಾಗದಲ್ಲಿ ಹೂ ಮಾರುತ್ತಿದ್ದೇವೆ. ಮೊನ್ನೆ ಕೆಲವರು ಬಂದು ಇಲ್ಲಿ ಚೆಂದ ಮಾಡ್ತಾರೆ, ಇನ್ಮೇಲೆ ಕೂರಬೇಡಿ ಅಂತ ಬಾಯಲ್ಲೇ ಹೇಳಿ ಹೋದರು. ಕಾಗದ ಏನೂ ಕೊಟ್ಟಿಲ್ಲ.

ಉತ್ತರ: ಕೂತಿರಿ. ನಿಮ್ಮ ಪರವಾಗಿ ಇರುವ ಕಾನೂನು ಬಾಡಿಗೆಯವರದ್ದಕ್ಕಿಂತ ಗಟ್ಟಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು, ಸಿಕ್ಕವರಿಗೆಲ್ಲ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು, ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆಮೇಲೂ ಜಾಗ ಬದಲಾಯಿಸಬೇಕಾದರೆ 30 ದಿನದ ನೋಟಿಸ್ ಬೇಕು. ಸಾಮಾನು ಹಿಡಿದುಕೊಂಡು ಹೋದರೆ ಏನೇನು ಒಯ್ದರು ಅಂತ ಪಟ್ಟಿ ಬರೆದು ಕೊಡಬೇಕು, ದಂಡ ಕಟ್ಟಿ ಕೇಳಿದರೆ ಹೂವು ಹಣ್ಣಿನಂಥ ಕೊಳೆಯುವ ಮಾಲನ್ನು ಅವತ್ತೇ ವಾಪಸ್ ಕೊಡಬೇಕು, ಬೇರೆಯದಾದರೆ ಎರಡು ಕೆಲಸದ ದಿನದೊಳಗೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ನಡೆದ ಸಹಜ ಮಾರುಕಟ್ಟೆ ಆಗಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಂದ ವ್ಯಾಪಾರಿಗಳನ್ನು ಕಳಿಸುವ ಹಾಗಿಲ್ಲ ಅಂತಲೂ ಅದೇ ಕಾಯ್ದೆಯಲ್ಲಿದೆ. ಇದನ್ನು ಹೇಳುವವರು ಕಡಿಮೆ.

ಸಾಕ್ಷಿ ಬೇಕಲ್ಲ, ಮನೆಯ ಟ್ರಂಕ್ ತೆಗೆಯಿರಿ. ಅಮ್ಮನ ಕಾಲದ ಸುಂಕದ ಚೀಟಿ, ಹಳೇ ಫೋಟೋದಲ್ಲಿ ಹಿಂದೆ ಕಾಣುವ ಅಂಗಡಿ ಬೋರ್ಡು, ಬೀದಿ ವ್ಯಾಪಾರಿಗಳಿಗೆ ಅಂತ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ ತಗೊಂಡಿದ್ದರೆ ಅದರ ಕಾಗದ, ಪಕ್ಕದ ಅಂಗಡಿಯವರ ಒಂದು ಪತ್ರ, ಎಲ್ಲ ಲೆಕ್ಕಕ್ಕೆ ಬರುತ್ತವೆ. ಸಾಲಿನವರೆಲ್ಲ ಸೇರಿ, ಇದೇ ಕಾಯ್ದೆಯಡಿ ಇರಬೇಕಾದ ಪಟ್ಟಣ ವ್ಯಾಪಾರ ಸಮಿತಿ ಯಾವಾಗ ಸೇರಿತು, ಅದರಲ್ಲಿ ಯಾರಿದ್ದಾರೆ ಅಂತ ಕೇಳಿ. ಆ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಜನ ಚುನಾವಣೆಯಲ್ಲಿ ಗೆದ್ದ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನೀವೇ ನಿಲ್ಲಬಾರದಾ?

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಕೆಲಸ ಶುರುವಾಗಿ ರಸ್ತೆ ಅಗೆದಮೇಲೆ ಜನ ಪ್ರತಿಭಟನೆ ಮಾಡುತ್ತಾರೆ. ಅದಕ್ಕೂ ಮುಂಚೆ ನಮ್ಮ ಮಾತು ಹೇಳೋಕೆ ಜಾಗ ಎಲ್ಲಿದೆ?

ಉತ್ತರ: ಒಳ್ಳೇ ಪ್ರಶ್ನೆ, ಯಾಕೆಂದರೆ ಜೆಸಿಬಿ ಮುಂದೆ ನಿಂತು ಗೆದ್ದವರು ಅಪರೂಪ. ಟೆಂಡರ್ ಆದಮೇಲೆ ಯಾವ ಇಂಜಿನಿಯರ್ ಕೈಯಲ್ಲೂ ನಕ್ಷೆ ಬದಲಾಯಿಸುವಷ್ಟು ಸಲೀಸಿರಲ್ಲ.

ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಆ ಯೋಜನೆ ನಡೆದದ್ದು ಅದಕ್ಕಾಗಿಯೇ ಮಾಡಿದ ಕಂಪನಿ ಮೂಲಕ, ಇಡೀ ದೇಶದಲ್ಲಿ ಹೀಗೇ. ವಾರ್ಡಿನವರಿಗೆ ಆ ಕಂಪನಿಯ ಬಾಗಿಲು ತಟ್ಟೋದು ಹೇಗೆ ಅಂತ ಗೊತ್ತಾಗುವಷ್ಟರಲ್ಲಿ, 2025ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಇನ್ನು ಬರುವ ಕೆಲಸಕ್ಕಾದರೂ ವಾರ್ಡ್ ಸಮಿತಿ ಕೇಳಿ. ಮೂರು ಲಕ್ಷ ಜನ ಇರುವ ನಗರಕ್ಕೆ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇದೆ, 2011ರ ಜನಗಣತಿಯಲ್ಲೇ ತುಮಕೂರು ಆ ಗಡಿ ದಾಟಿದೆ. ನಮ್ಮ ಪೌರ ನಿಗಮಗಳ ಕಾಯ್ದೆ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ. ಅದರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಆ ಇಬ್ಬರಲ್ಲಿ ಒಬ್ಬರಾದರೂ ಬಾಡಿಗೆದಾರರಾಗಿರಲಿ ಅಂತ ನಾನು ಹೇಳುತ್ತೇನೆ, ಕಾನೂನು ಹಾಗೆ ಹೇಳಲ್ಲ. ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿ ನಡೆಸುವ ಕಾಲದಲ್ಲಿ ಅರ್ಜಿ ನೇರ ಆಯುಕ್ತರಿಗೇ ಕೊಡಿ, ಸೀಲು ಹಾಕಿದ ಸ್ವೀಕೃತಿ ಪ್ರತಿ ಮರೆಯಬೇಡಿ. ಮಾಸ್ಟರ್ ಪ್ಲಾನ್ ಕರಡು ಬಂದಾಗ ಟೂಡಾಗೆ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಆಕ್ಷೇಪಣೆ ಕೊಡುವ ಅವಕಾಶವೂ ಇದೆ. ಆ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ನೋಡುತ್ತಿರಿ.

ನೀವು ಇಂಜಿನಿಯರಿಂಗ್ ಅಂದಿರಲ್ಲ, ನಿಮಗೆ ಒಂದು ಕೆಲಸ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಯೋಜನಾ ವರದಿ ಮತ್ತು ರಸ್ತೆಯ ನಕ್ಷೆ ಕೇಳಿ, 30 ದಿನದಲ್ಲಿ ಕೊಡಬೇಕು. ಕೈಗೆ ಬಂದಮೇಲೆ ನಾಲ್ಕು ಹುಡುಗರು ಟೇಪು, ಸೀಮೆಸುಣ್ಣ ಹಿಡಿದು ಹೊರಡಿ. ನಕ್ಷೆಯ ಗೆರೆ ನಿಜವಾಗಿ ಎಲ್ಲಿ ಬೀಳುತ್ತದೆ ಅಂತ ನೆಲದ ಮೇಲೇ ಎಳೆದು ತೋರಿಸಿ. ಇದು ಚಪ್ಪಲಿ ಹೊಲಿಯುವವರ ಮರ, ಇದು ಮೂರು ಮೆಟ್ಟಿಲು, ಇದು ತಳ್ಳುಗಾಡಿ ನಿಲ್ಲುವ ಜಾಗ. ಕಾಗದದ ಮೇಲೆ ನೋಡಿ ತಲೆ ಆಡಿಸಿದವರು ತಮ್ಮ ಜಗಲಿಯ ಮೇಲೆ ಬಿಳಿ ಗೆರೆ ನೋಡಿದಾಗ ಮನೆಯೊಳಗಿಂದ ಎಲ್ಲರನ್ನೂ ಕರೆಯುತ್ತಾರೆ. ಅವತ್ತೇ ಮೀಟಿಂಗ್ ಮಾಡಿ. ಬರೀ 'ಬೇಡ' ಅಂತ ಬರೆಯಬೇಡಿ. ಗೆರೆಯನ್ನು ಎಲ್ಲಿಗೆ ಸರಿಸಿದರೆ ಮರವೂ ಉಳಿದು ಚರಂಡಿಯೂ ಆಗುತ್ತದೆ ಅಂತ ನಿಮ್ಮದೇ ನಕ್ಷೆ ಲಗತ್ತಿಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ಏರ್‌ಪೋರ್ಟ್ ಬಂದಮೇಲೆ ಇಲ್ಲೂ ಇದೇ ಕಥೆ. ಸಾಮಾನ್ಯ ಜನ ಸೇರಿ ಊರನ್ನು ಉಳಿಸಿಕೊಂಡ ಉದಾಹರಣೆ ಎಲ್ಲಾದರೂ ಇದೆಯಾ, ಇಲ್ಲಾ ಬರೀ ಮಾತಾ?

ಉತ್ತರ: ಇದೆ. ಅಮೆರಿಕದ ಬಾಸ್ಟನ್‌ನಲ್ಲಿ ಡಡ್ಲಿ ಸ್ಟ್ರೀಟ್ ಅನ್ನೋ ಕಡೆ. ಬೆಂಕಿಗೆ ಸುಟ್ಟ ಮನೆಗಳು, ಕಸ ಸುರಿದ ಖಾಲಿ ನಿವೇಶನಗಳು, ಕಪ್ಪು ಜನ ಮತ್ತು ವಲಸೆ ಬಂದವರೇ ಹೆಚ್ಚಾಗಿದ್ದ ಬಡ ಪ್ರದೇಶ. 1984ರಲ್ಲಿ ಸುಧಾರಣೆಯ ಯೋಚನೆ ಶುರುವಾದಾಗ ಅದನ್ನು ನಡೆಸುವ ಮಂಡಳಿಯಲ್ಲಿ ಸಂಸ್ಥೆಗಳವರೇ ಜಾಸ್ತಿ, ನಿವಾಸಿಗಳು ಬೆರಳೆಣಿಕೆ. ಜನ ಸಭೆಯಲ್ಲೇ ತಗಾದೆ ತೆಗೆದು, ಮಂಡಳಿಯಲ್ಲಿ ನಿವಾಸಿಗಳದ್ದೇ ಬಹುಮತ ಅಂತ ಬದಲಾಯಿಸಿದರು. ಮೊದಲ ಹೋರಾಟ ಕಸ ಸುರಿಯುವುದರ ವಿರುದ್ಧ. 1988ರಲ್ಲಿ ಖಾಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ನಗರಾಡಳಿತದಿಂದ ಪಡೆದರು. ಸರ್ಕಾರ ಜನರ ಮೇಲೆ ಬಳಸುವ ಅಸ್ತ್ರ ಜನರ ಕೈಗೇ ಬಂತು! ಆ ಜಮೀನು ಈಗಲೂ ಸಮುದಾಯ ಟ್ರಸ್ಟ್ ಹೆಸರಲ್ಲಿದೆ. ಮನೆ ನಿಮ್ಮದು, ನೆಲ ಟ್ರಸ್ಟಿನದ್ದು, 99 ವರ್ಷದ ಗುತ್ತಿಗೆ. ಮಾರುವಾಗ ಮಾರುಕಟ್ಟೆ ರೇಟಿಗೆ ಮಾರುವ ಹಾಗಿಲ್ಲ.

ನಮ್ಮಲ್ಲಿ ಇದು ಹಾಗೇ ಆಗಲ್ಲ, ಖಾಲಿ ಜಾಗವೂ ಇಲ್ಲ, ಅಂಥ ಅಧಿಕಾರ ಕೊಡುವ ಕಾನೂನೂ ಇಲ್ಲ. ಹತ್ತಿರದ್ದು ಬೇಕು ಅಂದರೆ ಒಡಿಶಾ ನೋಡಿ. 2017ರ ಕಾಯ್ದೆಯಲ್ಲಿ ಕೊಳೆಗೇರಿಯವರಿಗೆ ಭೂಮಿಯ ಹಕ್ಕು ಕೊಟ್ಟರು, ಅದನ್ನು ಅಡ ಇಡಬಹುದು, ಮಕ್ಕಳಿಗೆ ಬಿಡಬಹುದು, ಮಾರುವ ಹಾಗಿಲ್ಲ. ನಿಮ್ಮದು ನಗರಸಭೆ, ಮೂರು ಲಕ್ಷ ಜನರಿಲ್ಲ, ಆದ್ದರಿಂದ ಮೇಲೆ ಹೇಳಿದ ವಾರ್ಡ್ ಸಮಿತಿ ನಿಯಮ ನಿಮಗೆ ಹೊಂದಲ್ಲ. ವ್ಯಾಪಾರಿಗಳ ಕಾಯ್ದೆ, ಮಾಹಿತಿ ಹಕ್ಕು ಎರಡೂ ನಿಮಗೂ ಇವೆ.

ಪ್ರಶ್ನೆ: ತುಮಕೂರಿಗೆ ಮೆಟ್ರೋ ಬರುತ್ತದೆ, ರಸ್ತೆ ಅಗಲ ಮಾಡುತ್ತಾರೆ, ಈಗಲೇ ಕೊಟ್ಟುಬಿಡಿ ಅಂತ ಬ್ರೋಕರ್ ದಿನಾ ಬರುತ್ತಾನೆ. ಟೋಕನ್ ದುಡ್ಡು ಟೇಬಲ್ ಮೇಲಿಟ್ಟು ಹೋಗಿದ್ದಾನೆ. ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ.

ಉತ್ತರ: ಆ ದುಡ್ಡು ಮೊದಲು ವಾಪಸ್ ಕೊಡಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಮೆಟ್ರೋ 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಅಂಚಿನ ಮಾದಾವರ ಮುಟ್ಟಿತು, ಅಲ್ಲಿಂದ ಇಲ್ಲಿಗಿನ್ನೂ ಐವತ್ತು ಕಿಲೋಮೀಟರಿಗೂ ಜಾಸ್ತಿ ಇದೆ. ಬ್ರೋಕರ್‌ಗೆ ಅವಸರ ಇರುವುದು ಅವನ ಕಾರಣಕ್ಕೆ.

ಮನೆಗೆ ನಿಜವಾಗಿ ನೋಟಿಸ್ ಬಂದರೆ ಯಾವ ಕಾಯ್ದೆಯಡಿ ಬಂದಿದೆ ಅಂತ ಮೊದಲು ಓದಿ. ಬೆಂಗಳೂರಲ್ಲಿ ಮೆಟ್ರೋಗೆ ಜಮೀನು ತಗೊಂಡದ್ದು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ, ಅದರ ದಾರಿ ಬೇರೆ. 2013ರ ಭೂಸ್ವಾಧೀನ ಕಾಯ್ದೆಯಡಿ ಆದರೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಆಕ್ಷೇಪಣೆ ಕೊಡಬಹುದು. ಅದೇ ಕಾಯ್ದೆಯಲ್ಲಿ ಮೂರು ವರ್ಷಕ್ಕೂ ಮುಂಚಿನಿಂದ ಅಲ್ಲಿ ವಾಸ ಇದ್ದವರೂ ಬಾಧಿತ ಕುಟುಂಬವೇ, ಮನೆ ಅವರದ್ದಲ್ಲದಿದ್ದರೂ ಸರಿ. ಹಾಗಾಗಿ ಆಧಾರ್, ರೇಷನ್ ಕಾರ್ಡು, ಗ್ಯಾಸ್ ಬುಕ್ಕು ಎಲ್ಲ ಇದೇ ವಿಳಾಸಕ್ಕೆ ಮಾಡಿಸಿಕೊಳ್ಳಿ ಅಂತ ಕೆಳಗಿನ ಮನೆಯವರಿಗೂ ಹೇಳಿ, ಕರಾರು ಪತ್ರ ಕೇಳಿದರೆ ಇಲ್ಲ ಅನ್ನಬೇಡಿ.