ಅಜ್ಜನ ಬದುಕಿನ ಬಗ್ಗೆ ತಿಳಿದುಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ?

ಅಜ್ಜ ತೀರಿಕೊಂಡು ಬಹಳ ವರ್ಷ ಆಯಿತು, ಮನೆಯಲ್ಲಿ ಒಂದು ಫೋಟೊ ಬಿಟ್ಟರೆ ಏನೂ ಉಳಿದಿಲ್ಲ, ವಂಶವೃಕ್ಷ ಬರೆಯಬೇಕು, ಅವರು ಹೇಗೆ ಬದುಕಿದ್ದರು ಅಂತಲೂ ತಿಳಿಯಬೇಕು ಎಂದು ಕೇಳಿದ್ದೀರಿ. ನಾನು ನಾಲ್ಕು ವರ್ಷದಿಂದ ಇದೇ ಹುಡುಕಾಟದಲ್ಲಿದ್ದೇನೆ. ವಂಶವೃಕ್ಷ ನನಗೆ ಕಾಗದಗಳಲ್ಲಿ ಸಿಕ್ಕಿತು. ಅಜ್ಜ ಸಿಕ್ಕಿದ್ದು ಅವರ ತಂಗಿಯ ಬಾಯಲ್ಲಿ. ಆ ತಂಗಿಯ ಹೆಸರು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ನಮ್ಮದು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕು, ಕೃಷ್ಣೆಯ ದಂಡೆಯ ಒಂದು ಊರು. ಈಗ ಅದು ಆಲಮಟ್ಟಿ ಹಿನ್ನೀರಿನ ಅಡಿಯಲ್ಲಿದೆ. ನಾನು ಬೆಳೆದಿದ್ದು ಪುನರ್ವಸತಿ ಕೇಂದ್ರದಲ್ಲಿ.

ನಾನು ಮೊದಲು ಹೋಗಿದ್ದು ಹೆಳವರ ಹತ್ತಿರ. ನೀವು ಯಾವ ಕಡೆಯವರೋ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಹೆಳವರು ಅಂದರೆ ಮನೆತನದ ವಂಶಾವಳಿ ಹೇಳುವವರು. ಹಿಂದೆ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು ಊರೂರಿಗೆ ಬರುತ್ತಿದ್ದರು. ಯಾವ ಊರಿನ ಯಾವ ಮನೆತನ ಯಾರಿಗೆ ಸೇರಿದ್ದು ಎಂದು ತಲೆಮಾರುಗಳಿಂದ ಹಂಚಿಕೊಂಡಿರುತ್ತಾರೆ. ಕಾಳು, ಬಟ್ಟೆ, ದುಡ್ಡು, ಕೆಲವು ಮನೆಯವರು ಕರುವನ್ನೂ ಕೊಡುತ್ತಾರೆ. ನಮ್ಮ ಮನೆಗೆ ಬರುವವರು ಈಗ ಬಸ್ಸಿನಲ್ಲಿ ಬರುತ್ತಾರೆ. ಊರು ಮುಳುಗಿ ನಾವು ಬೇರೆ ಕಡೆ ಬಂದರೂ ಕೇಳಿಕೊಂಡು, ಹುಡುಕಿಕೊಂಡು ಬಂದರು. ಕಟ್ಟೆಯ ಮೇಲೆ ಕೂತು, ಹೊತ್ತಿಗೆ ಬಿಚ್ಚಿ, ರಾಗವಾಗಿ ಓದಿದರು. ಅಜ್ಜ, ಅವರಪ್ಪ, ಅವರಪ್ಪನ ಅಪ್ಪ, ಹೀಗೆ ಎಂಟು ತಲೆಮಾರು. ನನ್ನ ಅಪ್ಪನಿಗೇ ಮೂರರ ಮೇಲೆ ಗೊತ್ತಿರಲಿಲ್ಲ. ನನಗೆ ಮೈ ಜುಂ ಅಂದಿತು. ನಿಮ್ಮ ಊರಿಗೆ ಹೆಳವರು ಬರುತ್ತಾರಾ ಅಂತ ಹಿರಿಯರನ್ನು ಮೊದಲು ಕೇಳಿ. ಬಂದಾಗ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ತಪ್ಪದೆ ಕಾಣಿಕೆ ಕೊಡಿ. ಅದು ಅವರ ದುಡಿಮೆ.

ಆದರೆ ಆ ಪುಟದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ.

ಆಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಕಂಪ್ಯೂಟರ್ ಪಹಣಿಯಲ್ಲಿ ಹಳೆಯದು ಸಿಗುವುದಿಲ್ಲ, ಕೈಬರಹದ ಪಹಣಿ ಮತ್ತು ಮ್ಯುಟೇಷನ್ ನಮೂದು ಬೇಕು ಎಂದು ಸರ್ವೆ ನಂಬರ್ ಕೊಟ್ಟು ಅರ್ಜಿ ಹಾಕಿ. ಜಮೀನಿನ ಒಡೆಯ ಸತ್ತಾಗ ವಾರಸಾ ಮಾಡಿಸುತ್ತಾರಲ್ವಾ, ಆ ನಮೂದಿನಲ್ಲಿ ಯಾರು ಸತ್ತರು, ವಾರಸುದಾರರು ಯಾರು ಅಂತ ಇರುತ್ತದೆ. ನಮ್ಮ ಮುತ್ತಜ್ಜ 1952ರಲ್ಲಿ ತೀರಿಕೊಂಡರು ಅಂತ ತಿಳಿದದ್ದು ಹೀಗೆ. ಅದರಲ್ಲೂ ಇಬ್ಬರು ಗಂಡುಮಕ್ಕಳ ಹೆಸರು ಮಾತ್ರ. ನಿಮ್ಮದೂ ನಮ್ಮ ಕಡೆಯೇ ಆಗಿದ್ದರೆ ಒಂದು ವಿಷಯ ನೆನಪಿರಲಿ. 1956ರ ನವೆಂಬರ್ 1ರವರೆಗೆ ಇದು ಮುಂಬೈ ರಾಜ್ಯದಲ್ಲಿತ್ತು. ತೀರಾ ಹಳೆಯ ಕಾಗದ ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿ, ಇದ್ದರೆ ಗಾಬರಿ ಬೇಡ, ಓದಿಕೊಡುವವರು ಇದ್ದಾರೆ. ಅಜ್ಜ ಗೇಣಿ ಮಾಡುತ್ತಿದ್ದರೆ 1974ರ ನಂತರ ಆ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ ನಂ. 7ರಲ್ಲಿ ಅರ್ಜಿ ಕೊಟ್ಟಿರಬಹುದು, ಭೂ ನ್ಯಾಯಮಂಡಳಿಯ ಆ ಕಡತವನ್ನೂ ಕೇಳಿ.

ಹುಟ್ಟಿದ ದಿನದ ವಿಷಯಕ್ಕೆ ಬರುತ್ತೇನೆ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅಜ್ಜನ ಜನ್ಮದಿನ 1-6-1935 ಅಂತಿದೆ. ನಂಬಬೇಡಿ. ಆಗ ಎಷ್ಟೋ ಮಕ್ಕಳಿಗೆ ಮಾಸ್ತರರು ಅಂದಾಜಿಗೆ ಜೂನ್ 1 ಅಂತಲೇ ಬರೆಯುತ್ತಿದ್ದರು.

ಅಜ್ಜನ ತಂಗಿಗೆ ಈಗ ಎಂಬತ್ತೈದರ ಹತ್ತಿರ. ನಾವು ಆಯಿ ಅಂತೀವಿ. ಮೊದಲ ಸಲ ಹೋದಾಗ ನೋಟ್‌ಬುಕ್ ತೆಗೆದು "ಅಜ್ಜ ಯಾವಾಗ ಹುಟ್ಟಿದ್ದು?" ಅಂತ ಕೇಳಿದೆ. "ನಂಗೇನ್ ಗೊತ್ತಪಾ" ಅಂದು ಸುಮ್ಮನಾದರು. ಎರಡನೇ ಸಲ ನೋಟ್‌ಬುಕ್ ಒಯ್ಯಲಿಲ್ಲ, ಫೋಟೊ ಒಯ್ದೆ. ಸುಮ್ನೆ ಪಕ್ಕದಲ್ಲಿ ಕೂತೆ. ಶೇಂಗಾ ಸುಲಿಯುತ್ತಾ ತಾವೇ ಶುರು ಮಾಡಿದರು. "ನಮ್ಮವ್ವ ಹೇಳ್ತಿದ್ಲು, ಧಾತು ಸಂವತ್ಸರದಾಗ ಕಾರಹುಣ್ಣಿವಿ ದಿನ, ಹೊರಗ ಎತ್ತಿನ ಕರಿ ಹರಿಯೂ ಹೊತ್ತಿಗೆ ಅಣ್ಣ ಹುಟ್ಟಿದ್ದಂತ." ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಹಿಂದಿನ ಧಾತು 1876-77, ಆ ದೊಡ್ಡ ಬರ ಬಂದ ವರ್ಷ. ಅದರ ನಂತರದ್ದು 1936-37. ಕಾರಹುಣ್ಣಿವಿ ಜ್ಯೇಷ್ಠ ಮಾಸದ ಹುಣ್ಣಿಮೆ, ನಮ್ಮ ಕಡೆ ಎತ್ತುಗಳ ಹಬ್ಬ. ಅಂದರೆ ಅಜ್ಜ ಹುಟ್ಟಿದ್ದು 1936ರ ಜೂನ್ ಮೊದಲ ವಾರ.

ಆಮೇಲೆ ಆಯಿ ಟ್ರಂಕು ತೆಗೆಸಿದರು. ಅಡಿಯಲ್ಲಿ ಒಂದು ಸೊಲ್ಲಾಪುರ ಚಾದರ. ಅಂಚು ಹರಿದಿದೆ, ಬಣ್ಣ ಇನ್ನೂ ಇದೆ. ಅಪ್ಪ ಸತ್ತ ವರ್ಷ, ಹದಿನಾರರ ಹುಡುಗ ಬಾಗಲಕೋಟೆಯಲ್ಲಿ ರೈಲು ಹತ್ತಿ ಸೊಲ್ಲಾಪುರದ ಬಟ್ಟೆ ಮಿಲ್ಲಿಗೆ ಕೂಲಿಗೆ ಹೋಗಿದ್ದನಂತೆ. ನಾಲ್ಕು ವರ್ಷ ಅಲ್ಲಿ ದುಡಿದು, ತಂಗಿಯ ಮದುವೆಗೆ ದುಡ್ಡು ಮತ್ತು ಈ ಚಾದರ ಹಿಡಿದುಕೊಂಡು ಬಂದ. ಮದುವೆ ಯಾವಾಗ ಅಂದರೆ "ನಮ್ಮ ಕಡೀದು ಮೈಸೂರಿಗೆ ಸೇರಿದ ವರ್ಷ" ಅಂದರು. ಸೊಲ್ಲಾಪುರದ ವಿಷಯ ನನ್ನ ಅಪ್ಪನಿಗೂ ಗೊತ್ತಿರಲಿಲ್ಲ. ಅಜ್ಜ ಮಕ್ಕಳ ಮುಂದೆ ಒಮ್ಮೆಯೂ ಹೇಳಿರಲಿಲ್ಲ. ಅವತ್ತು ಮನೆಗೆ ಬಂದು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನೊಂದು ಕಾಗದದ ಬಗ್ಗೆ ಹೇಳಲೇಬೇಕು. ಮುಳುಗಡೆ ಪರಿಹಾರದ ಪಂಚನಾಮೆ. ಯಾವ ಅಣೆಕಟ್ಟಿಗೆ, ರಸ್ತೆಗೆ ಜಮೀನು ಹೋಗಿದ್ದರೂ ಇಂಥದ್ದೊಂದು ಇರುತ್ತದೆ, ಜನ ಇದನ್ನು ಮರೆತೇಬಿಡುತ್ತಾರೆ. ನಮ್ಮ ಮನೆಯ ಅಳತೆ, ಗೋಡೆ ಮಣ್ಣಿನದೋ ಕಲ್ಲಿನದೋ, ಬಾಗಿಲು ಎಷ್ಟು, ಎಲ್ಲ ಅದರಲ್ಲಿದೆ. ಕೊನೆಗೆ ಗಿಡಗಳ ಲೆಕ್ಕ: ಬೇವು 7, ಹುಣಸೆ 1. ನಾನು ಕಣ್ಣಾರೆ ನೋಡದ ಮನೆಯ ನಕ್ಷೆ ಬರೆದದ್ದು ಈ ಕಾಗದ ಇಟ್ಟುಕೊಂಡೇ.

ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಗ ಅಜ್ಜನಿಗೆ ಇಪ್ಪತ್ತೆಂಟರ ಹತ್ತಿರ. ಊರು ಮುಳುಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ನೀರು ಬರಲು ಮಾತ್ರ ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಆ ಏಳು ಬೇವು ಯಾವಾಗಿನವು ಅಂತ ಆಯಿಯನ್ನು ಕೇಳಿದೆ. ಎಲ್ಲವೂ ಅಡಿಗಲ್ಲು ಬಿದ್ದ ಮೇಲೆ ಹಚ್ಚಿದವು. ಮುಳುಗೋ ಊರಾಗ ಗಿಡ ಯಾಕೆ ಹಚ್ತೀ ಅಂತ ಜನ ಕೇಳಿದರೆ ಅಜ್ಜ "ನೀರ ಬರೂತನಕ ನೆರಳರ ಆಗ್ಲಿ" ಅನ್ನುತ್ತಿದ್ದರಂತೆ. ಅಜ್ಜ ಎಂಥವರು ಅಂತ ನನಗೆ ಗೊತ್ತಾಗಿದ್ದು ಆಗ.

ಹಾಗಾಗಿ ನಿಮಗೆ ನನ್ನ ಸಲಹೆ: ಕಚೇರಿಯ ಕಾಗದ ಇನ್ನೂ ಕೆಲವು ವರ್ಷ ಅಲ್ಲೇ ಇರುತ್ತದೆ, ಕಾಯುತ್ತದೆ. ನಿಮ್ಮ ಅಜ್ಜನಿಗೆ ಅಕ್ಕನೋ ತಂಗಿಯೋ ಇದ್ದಾರಾ? ಮದುವೆಯಾಗಿ ಬೇರೆ ಊರಿಗೆ ಹೋದವರು, ಮನೆಯಲ್ಲಿ ಯಾರೂ ನೆನೆಯದವರು? ಈ ವಾರವೇ ಹೋಗಿ. ಆ ಫೋಟೊ ತೆಗೆದುಕೊಂಡು ಹೋಗಿ.

ಕಳೆದ ಸುಗ್ಗಿಯಲ್ಲಿ ಹೆಳವರು ಮತ್ತೆ ಬಂದಿದ್ದರು. ಅಜ್ಜನ ಹೆಸರಿನ ಪಕ್ಕ ಆಯಿಯ ಹೆಸರು ಬರೆಯಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಪುಟದಲ್ಲಿ ಜಾಗ ಇರಲಿಲ್ಲ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. ಆಯಿಗೆ ಫೋನ್ ಮಾಡಿ ಆ ಸಾಲನ್ನು ಅವರ ರಾಗದಲ್ಲೇ ಓದಿ ಕೇಳಿಸಿದೆವು.